ಎರಡು ನುಡಿಗಳ ನಡುವೆ ಬೆಳೆಯುವ ಮನಸ್ಸು

ಮನಶ್ಶಾಸ್ತ್ರವನ್ನು ಬೋಧಿಸುವವನೊಬ್ಬನನ್ನು ಕೇಳಬಹುದಾದ ಪ್ರಶ್ನೆಗಳು ನೂರಾರು ಇದ್ದರೂ ಕೋಸಗಿ, ಕೌತಾಳಂ, ಹೊಳಗುಂದಗಳ ಕಡೆಯ ತಂದೆತಾಯಂದಿರು ನನ್ನ ಮುಂದಿಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಹುಡುಗಗ ಮನ್ಯಾಗ ಕನ್ನಡ, ಬಜಾರದಾಗ ತೆಲುಗು, ಈಗ ಇಂಗ್ಲಿಷೂ ಬೇಕಂತಾರ. ಇಷ್ಟೆಲ್ಲಾ ತುಂಬಿದ್ರ ತಲಿಗೆ ಭಾರ ಆಗಂಗಿಲ್ಲೇನ್ರಿ ಸಾರ್? ಕನ್ನಡ ಒಂದು ಬಿಡಿಸಿದ್ರ ಹಗುರ ಆದೀತೇನೋ." ಈ ಮಾತಿನಲ್ಲಿ ಕನ್ನಡದ ಮೇಲಿನ ಅನಾದರವಿಲ್ಲ. ಮಗುವಿನ ಭವಿಷ್ಯದ ಬಗೆಗಿನ ನೈಜ ಕಳಕಳಿಯಿದೆ. ಆದ್ದರಿಂದಲೇ ಭಾಷಾಭಿಮಾನದ ಭಾಷಣದಿಂದ ಇದಕ್ಕೆ ಉತ್ತರ ಹೇಳಲಾಗದು. ಮಗುವಿನ ಬುದ್ಧಿ, ಭಾವ, ಸಾಮಾಜಿಕ ನಡವಳಿಕೆಗಳ ಮೇಲೆ ಎರಡು ಭಾಷೆಗಳ ಪರಿಣಾಮವೇನು ಎಂಬುದನ್ನು ವಿದ್ವಾಂಸರು ನೂರು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಆ ಪರೀಕ್ಷೆಗಳ ಕಥೆಯನ್ನು ಹಳೆಯ ವಿದ್ಯಾರ್ಥಿಗಳ ಮತ್ತು ಊರಿನ ಕುಟುಂಬಗಳ ಮುಂದೆ ಇಡಲು ಬಯಸುತ್ತೇನೆ.

ಎರಡು ಭಾಷೆ ಬುದ್ಧಿಗೆ ಭಾರ ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಒಂದು ಕಾಲದ ವಿಜ್ಞಾನವೇ ಮುದ್ರೆಯೊತ್ತಿತ್ತು. 1923ರಲ್ಲಿ ಸೇರ್ ಎಂಬ ಸಂಶೋಧಕರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಸುಮಾರು 1400 ಮಕ್ಕಳನ್ನು ಪರೀಕ್ಷಿಸಿ, ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಹಳ್ಳಿಯ ಮಕ್ಕಳು ಇಂಗ್ಲಿಷ್ ಒಂದನ್ನೇ ಬಲ್ಲ ಮಕ್ಕಳಿಗಿಂತ ಬುದ್ಧಿಮಾಪನದಲ್ಲಿ ಹಿಂದೆ ಬಿದ್ದಿದ್ದಾರೆಂದು ಪ್ರಕಟಿಸಿದರು. ಮುಂದಿನ ಮೂರು ನಾಲ್ಕು ದಶಕಗಳ ಕಾಲ ಶಿಕ್ಷಣಾಧಿಕಾರಿಗಳು ಇದನ್ನು ವೇದವಾಕ್ಯದಂತೆ ಉದ್ಧರಿಸಿದರು. ಆದರೆ ಅದೇ ಲೇಖನದಲ್ಲಿ ಪಟ್ಟಣದ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವೆಂಬ ಸಂಗತಿಯೂ ಇತ್ತು. ಪಟ್ಟಣದ ಮಗುವಿಗೆ ಆಗದ ಹಾನಿ ಹಳ್ಳಿಯ ಮಗುವಿಗೆ ಮಾತ್ರ ಆಗುವುದಾದರೆ ದೋಷ ಭಾಷೆಯದೋ, ಬಡತನದ್ದೋ, ಇಂಗ್ಲಿಷಿನ ಸಂಪರ್ಕವೇ ಇಲ್ಲದ ಮಗುವಿಗೆ ಒಡ್ಡಿದ ಪರೀಕ್ಷೆಯದೋ ಎಂದು ಕೇಳಬೇಕಾಗಿತ್ತು. ಅದನ್ನು ಕೇಳಿದವರು ಕಡಿಮೆ.

ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆಂಬುದು ಎಷ್ಟು ಮುಖ್ಯವೆಂದು ಕನ್ನಡ ನಾಡು ಬೇಗನೆ ಅರಿತಿತ್ತು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಧಾರವಾಡದ ಕಡೆಯ ಮಕ್ಕಳಿಗೆ ಒಗ್ಗಿಸಿ ಕನ್ನಡ ಮರಾಠಿಗಳಲ್ಲಿ ಸಿದ್ಧಪಡಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನದ ಬಗ್ಗೆ ಅವರು ಬರೆದ ಗ್ರಂಥ 1940ರಲ್ಲಿ ಹೊರಬಂದಿತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ನಮ್ಮ ಚಿಕಿತ್ಸಾಲಯಗಳಲ್ಲಿ ಬಳಕೆಯಾಗಿದೆ. ಕಾಮತರು ಕೇವಲ ಅನುವಾದ ಮಾಡಲಿಲ್ಲ. ನಮ್ಮ ಮಗು ಕಂಡರಿಯದ ವಸ್ತುಗಳನ್ನು ತೆಗೆದು ಅದು ಕಂಡವನ್ನು ಇಡದಿದ್ದರೆ, ಅಳೆಯುವುದು ಬುದ್ಧಿಯನ್ನಲ್ಲ, ಪರಿಚಯವನ್ನು. (ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಗಿತ್ತೆಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬಹುದು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದವರು. ಮನಸ್ಸಿನ ಶಾಸ್ತ್ರಜ್ಞರೊಬ್ಬರು ಊರಿಗೆಲ್ಲ ದನಿ ಕೊಟ್ಟ ಈ ಪ್ರಸಂಗ ನನಗೆ ಬಹಳ ಇಷ್ಟ.)

ಕನ್ನಡ ಮಾತ್ರ ಬಲ್ಲ ಆರು ವರ್ಷದ ಹುಡುಗನೊಬ್ಬನನ್ನು ತೆಲುಗಿನಲ್ಲಿ ಪ್ರಶ್ನಿಸಿ, ಅವನು ಸುಮ್ಮನೆ ನಿಂತರೆ 'ಮಂದಬುದ್ಧಿ' ಎಂದು ಬರೆದುಕೊಳ್ಳುವ ಅವಸರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೇರ್ ಅವರ ಅಧ್ಯಯನದ ದೋಷವೂ ಇದೇ ಜಾತಿಯದು.

ಈ ದೋಷವನ್ನು ತಿದ್ದುವ ಮುಖ್ಯ ಪ್ರಯತ್ನ 1962ರಲ್ಲಿ ಕೆನಡಾದಿಂದ ಬಂದಿತು. ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್ ನಗರದ ಆರು ಫ್ರೆಂಚ್ ಶಾಲೆಗಳ ಹತ್ತು ವರ್ಷದ ಮಕ್ಕಳನ್ನು ಆರಿಸಿಕೊಂಡರು. ಮನೆಯ ಆರ್ಥಿಕ ಸ್ಥಿತಿ ಸಮನಾಗಿರುವಂತೆ ನೋಡಿಕೊಂಡು, ಫ್ರೆಂಚ್ ಮಾತ್ರ ಬಲ್ಲವರನ್ನೂ ಫ್ರೆಂಚ್ ಇಂಗ್ಲಿಷ್ ಎರಡರಲ್ಲೂ ಸಮ ಹಿಡಿತವಿದ್ದವರನ್ನೂ ಹೋಲಿಸಿದರು. ದ್ವಿಭಾಷಿಕ ಮಕ್ಕಳು ಹಿಂದೆ ಬೀಳಲಿಲ್ಲ. ಮಾತಿನ ಪರೀಕ್ಷೆಗಳಲ್ಲಿಯೂ ಮಾತಿಲ್ಲದ ಪರೀಕ್ಷೆಗಳಲ್ಲಿಯೂ ಮುಂದಿದ್ದರು. ಎರಡು ಭಾಷೆಗಳಲ್ಲಿ ಸಮ ಹಿಡಿತವಿದ್ದವರನ್ನೇ ಆರಿಸಿಕೊಂಡಾಗ ಜಾಣ ಮಕ್ಕಳೇ ಆ ಗುಂಪಿಗೆ ಬಂದಿರಬಹುದಲ್ಲವೇ ಎಂಬ ಆಕ್ಷೇಪಣೆ ಎದ್ದಿತು, ಅದು ನ್ಯಾಯವಾದದ್ದೇ. ಆದರೂ ಎರಡು ಭಾಷೆ ತಲೆಯನ್ನು ಕೆಡಿಸುತ್ತದೆಂಬ ಹಳೆಯ ತೀರ್ಪು ಅಂದಿನಿಂದ ನೆಲೆ ಕಳೆದುಕೊಂಡಿತು.

ಹಾಗಾದರೆ ಎರಡು ಭಾಷೆಗಳು ಮಗುವಿನ ತಲೆಯಲ್ಲಿ ಮಾಡುವ ಕೆಲಸವೇನು? ಇದಕ್ಕೆ ಮಾಂಟ್ರಿಯಲ್ಲಿಗೆ ಹೋಗಬೇಕಾಗಿಲ್ಲ, ನಮ್ಮ ಊರಿನ ಸಂತೆಯಲ್ಲಿ ನಿಂತರೆ ಸಾಕು. ನಮ್ಮ ಮನೆಯಲ್ಲಿ 'ಅವ್ವ' ಎಂದರೆ ತಾಯಿ; ಪಕ್ಕದ ತೆಲುಗು ಮನೆಯಲ್ಲಿ 'ಅವ್ವ' ಎಂದರೆ ಅಜ್ಜಿ. ಕನ್ನಡದ 'ಕಲ್ಲು' ಬಂಡೆಯ ಜಾತಿಗೆ ಸೇರಿದ್ದು. ತೆಲುಗಿನ 'ಕಲ್ಲು' ಈಚಲು ಮರದಿಂದ ಇಳಿದು ಗಡಿಗೆಗೆ ಬರುವ ವಸ್ತು. ಇವೆರಡನ್ನೂ ಕೇಳುತ್ತ ಬೆಳೆಯುವ ಕೂಸಿಗೆ, ಯಾರೂ ಪಾಠ ಹೇಳದೆಯೇ, ಒಂದು ಗುಟ್ಟು ತಿಳಿಯುತ್ತದೆ: ಹೆಸರು ಬೇರೆ, ವಸ್ತು ಬೇರೆ, ಹೆಸರು ಜನ ಒಪ್ಪಿ ಇಟ್ಟದ್ದು. ಇನ್ನೂ ಸ್ವಲ್ಪ ಬೆಳೆದ ಮಗು 'ಪಾಲು–ಹಾಲು, ಪುಲಿ–ಹುಲಿ, ಪಂದಿ–ಹಂದಿ' ಎಂಬ ಜೋಡಿಗಳನ್ನು ಕಂಡು ತೆಲುಗಿನ ಪಕಾರ ಕನ್ನಡದಲ್ಲಿ ಹಕಾರವಾಗುವ ಸೂತ್ರವನ್ನು ತಾನೇ ಕಟ್ಟಿಕೊಳ್ಳುತ್ತದೆ. ವ್ಯಾಕರಣ ಪಂಡಿತರು ಪುಟಗಟ್ಟಲೆ ಬರೆದದ್ದನ್ನು ನಮ್ಮ ಮಕ್ಕಳು ಗೋಲಿಯಾಡುತ್ತ ಅರಿಯುತ್ತಾರೆ.

ಈ ಅರಿವನ್ನು ಅಳೆಯಲು ವಿದ್ವಾಂಸರು ಸರಳವಾದ ಉಪಾಯಗಳನ್ನು ಹೂಡಿದ್ದಾರೆ. ದಕ್ಷಿಣ ಆಫ್ರಿಕದ ಅನಿತಾ ಯಾಂಕೋ-ವೊರಾಲ್ 1972ರಲ್ಲಿ ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಬಲ್ಲ ಮಕ್ಕಳ ಮುಂದೆ ಮೂರು ಮೂರು ಪದಗಳನ್ನು ಇಟ್ಟರು. ಕನ್ನಡದಲ್ಲಿ ಹೇಳುವುದಾದರೆ, 'ಮನೆ' ಎಂಬುದಕ್ಕೆ ಹತ್ತಿರದ್ದು ಯಾವುದು, 'ಮೊನೆ'ಯೋ 'ಗುಡಿಸಲೋ' ಎಂಬಂಥ ಪ್ರಶ್ನೆ. ಎಳೆಯ ಮಕ್ಕಳು ದನಿಗೆ ಮರುಳಾಗಿ 'ಮೊನೆ' ಎನ್ನುತ್ತಾರೆ. ಬೆಳೆದಂತೆ ಅರ್ಥವನ್ನು ಹಿಡಿಯುತ್ತಾರೆ. ದ್ವಿಭಾಷಿಕ ಮಕ್ಕಳು ಅರ್ಥದ ದಾರಿಗೆ ಎರಡು ಮೂರು ವರ್ಷ ಮೊದಲೇ ಬಂದಿದ್ದರು. ಇನ್ನೊಂದು ಉಪಾಯ ಸೂರ್ಯ ಚಂದ್ರರದು. 'ಎಲ್ಲರೂ ಒಪ್ಪಿ ಸೂರ್ಯನಿಗೆ ಚಂದ್ರ ಎಂದೂ ಚಂದ್ರನಿಗೆ ಸೂರ್ಯ ಎಂದೂ ಹೆಸರಿಟ್ಟರೆ, ರಾತ್ರಿ ಆಕಾಶದಲ್ಲಿ ಕಾಣುವುದನ್ನು ಏನೆಂದು ಕರೆಯುತ್ತೀ? ಆಗ ಆಕಾಶ ಬೆಳಗಿರುತ್ತದೋ ಕತ್ತಲಾಗಿರುತ್ತದೋ?' 'ಸೂರ್ಯ ಎನ್ನುತ್ತೇನೆ, ಆದರೂ ಕತ್ತಲೆಯೇ' ಎನ್ನುವ ಮಗು ಹೆಸರನ್ನು ವಸ್ತುವಿನಿಂದ ಬಿಡಿಸಿ ನೋಡಬಲ್ಲದು. ಓದುಗರು ಇದನ್ನು ತಮ್ಮ ಮೊಮ್ಮಕ್ಕಳ ಮೇಲೆ ಪ್ರಯೋಗಿಸಬಹುದು, ಖರ್ಚೇನೂ ಇಲ್ಲ. ಒಬ್ಬನು ತನ್ನ ಭಾಷೆಯನ್ನು ಹಲವು ಭಾಷೆಗಳಲ್ಲಿ ಒಂದೆಂದು ಕಾಣಬಲ್ಲನಾದರೆ ಅವನ ಆಲೋಚನೆಯೇ ಮೇಲಿನ ಮೆಟ್ಟಿಲಿಗೆ ಏರುತ್ತದೆಂದು ರಷ್ಯದ ವಿಗೊಟ್‌ಸ್ಕಿ 1930ರ ದಶಕದಲ್ಲಿಯೇ ಹೇಳಿದ್ದರು.

ಇಷ್ಟನ್ನು ಕೇಳಿದವರು, ಹಾಗಾದರೆ ಕನ್ನಡದ ಮಗು ಬೇಗ ತೆಲುಗಿಗೋ ಇಂಗ್ಲಿಷಿಗೋ ಹೋಗಲಿ, ಎರಡು ಭಾಷೆಯ ಲಾಭ ತಾನೇ ಸಿಕ್ಕೀತು ಎನ್ನಬಹುದು. ವಿಷಯದ ಮರ್ಮ ಇರುವುದು ಇಲ್ಲಿಯೇ. ಎರಡನೆಯ ಭಾಷೆ ಮೊದಲನೆಯದರ ಜೊತೆ ಬಂದು ಕೂಡುವುದು ಒಂದು ಬಗೆ. ಮೊದಲನೆಯದನ್ನು ಹೊರಗೆ ದೂಡಿ ಅದರ ಜಾಗದಲ್ಲಿ ಕೂರುವುದು ಇನ್ನೊಂದು ಬಗೆ. ಲ್ಯಾಂಬರ್ಟರು 1970ರ ದಶಕದಲ್ಲಿ ಇವಕ್ಕೆ ಬೇರೆ ಬೇರೆ ಹೆಸರಿಟ್ಟರು. ನಮ್ಮ ಶಾಲೆಯ ಲೆಕ್ಕದ ಭಾಷೆಯಲ್ಲಿ ಒಂದು ಕೂಡುವ ದ್ವಿಭಾಷಿಕತೆ, ಮತ್ತೊಂದು ಕಳೆಯುವ ದ್ವಿಭಾಷಿಕತೆ. ಎರಡರ ಫಲವೂ ಒಂದೇ ಅಲ್ಲವೆಂಬುದಕ್ಕೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ನಮ್ಮ ದೇಶದಲ್ಲಿಯೇ, ಒರಿಸ್ಸಾದ (ಇಂದಿನ ಒಡಿಶಾದ) ಕಂಧಮಾಲ್ ಗುಡ್ಡಗಳಲ್ಲಿ ದೊರೆತಿದೆ.

ಅಲ್ಲಿಯ ಕಂಧ ಬುಡಕಟ್ಟಿನ ನುಡಿ ಕುಯಿ; ಅದೂ ನಮ್ಮ ಕನ್ನಡ ತೆಲುಗುಗಳಂತೆ ದ್ರಾವಿಡ ಭಾಷೆ. ಕೆಲವು ಕಡೆಯ ಕಂಧರು ಕುಯಿಯನ್ನು ಉಳಿಸಿಕೊಂಡು ಒಡಿಯಾವನ್ನೂ ಆಡುತ್ತಾರೆ. ಮತ್ತೆ ಕೆಲವು ಕಡೆ ಕುಯಿ ಮರೆತುಹೋಗಿ ಒಡಿಯಾ ಒಂದೇ ಉಳಿದಿದೆ. ಜಾತಿ ಒಂದೇ, ಆಚಾರ ಒಂದೇ, ಬಡತನವೂ ಒಂದೇ. ಬೇರೆಯಾಗಿರುವುದು ಮನೆಯ ನುಡಿ ಉಳಿಯಿತೋ ಅಳಿಯಿತೋ ಎಂಬುದು. ಸಂಶೋಧಕನಿಗೆ ಇಂಥ ಸನ್ನಿವೇಶ ಸಿಗುವುದು ಅಪರೂಪ. ಮನೋವಿಜ್ಞಾನಿ ಅಜಿತ್ ಕೆ. ಮೊಹಾಂತಿಯವರು ಹಲವು ವರ್ಷಗಳ ಕಾಲ ಈ ಎರಡು ಬಗೆಯ ಮಕ್ಕಳನ್ನು ಹೋಲಿಸಿದರು. ಶಾಲೆಗೆ ಹೋಗುವವರನ್ನು ಮಾತ್ರವಲ್ಲ, ಶಾಲೆಯ ಮುಖ ಕಾಣದವರನ್ನೂ ಹೋಲಿಸಿದರು, ಏಕೆಂದರೆ ವ್ಯತ್ಯಾಸ ಮೇಷ್ಟರಿಂದ ಬಂದದ್ದೋ ಭಾಷೆಯಿಂದ ಬಂದದ್ದೋ ತಿಳಿಯಬೇಕಿತ್ತು. ಭಾಷೆಯ ಬಗೆಗಿನ ಅರಿವನ್ನೂ ಬುದ್ಧಿಯ ಚುರುಕನ್ನೂ ಅಳೆಯುವ ಪರೀಕ್ಷೆಗಳಲ್ಲಿ ಕುಯಿ ಉಳಿಸಿಕೊಂಡ ದ್ವಿಭಾಷಿಕ ಮಕ್ಕಳು ಒಟ್ಟಾರೆ ಮುಂದಿದ್ದರು. ಕುಯಿಯನ್ನು ಬಿಟ್ಟವರಿಗೆ ಒಡಿಯಾದಲ್ಲಿ ಅದಕ್ಕೆ ಪ್ರತಿಯಾಗಿ ವಿಶೇಷ ಲಾಭವೇನೂ ದಕ್ಕಿರಲಿಲ್ಲ. ತಲೆ ಹಗುರವಾಗಲೆಂದು ಒಂದು ಭಾಷೆಯನ್ನು ಇಳಿಸಿದರೆ ಉಳಿದದ್ದು ಚೆನ್ನಾಗಿ ನಿಲ್ಲುತ್ತದೆಂಬ ನಮ್ಮ ತಂದೆತಾಯಂದಿರ ಎಣಿಕೆಗೆ ಇದಕ್ಕಿಂತ ನೇರವಾದ ಉತ್ತರ ನಾನು ಕಂಡಿಲ್ಲ. ಈ ಅಧ್ಯಯನಗಳನ್ನು ಒಳಗೊಂಡ ಮೊಹಾಂತಿಯವರ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ.

ಇದೇ ಮಾತನ್ನು ಬೇರೊಂದು ಭೂಖಂಡವೂ ಹೇಳಿದೆ. ಫಿನ್ಲೆಂಡಿನಿಂದ ಸ್ವೀಡನ್ನಿಗೆ ಕೂಲಿಗೆ ಹೋದ ಕುಟುಂಬಗಳ ಮಕ್ಕಳನ್ನು ಕುರಿತು ಸ್ಕುಟ್ನಾಬ್-ಕಾಂಗಸ್ ಮತ್ತು ಟೌಕೊಮಾ 1976ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಳವೆಯಲ್ಲಿಯೇ ವಲಸೆ ಹೋದವರಿಗಿಂತ, ಕೆಲವು ವರ್ಷ ತಾಯ್ನಾಡಿನಲ್ಲಿ ಫಿನ್ನಿಷ್ ಭಾಷೆಯಲ್ಲೇ ಓದಿ ಹೋದವರು ಸ್ವೀಡಿಷ್ ಭಾಷೆಯನ್ನು ಚೆನ್ನಾಗಿ ಕಲಿತಿದ್ದರು. ಮೊದಲ ಭಾಷೆಯಲ್ಲಿ ಗಟ್ಟಿಯಾದ ತಿಳಿವು ಎರಡನೆಯದಕ್ಕೆ ಬುನಾದಿಯಾಗುತ್ತದೆಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಸಿದ್ಧಾಂತ ಮಂಡಿಸಿದರು. ಮಳೆ ಕೈಕೊಟ್ಟ ವರ್ಷ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುವ ನಮ್ಮ ಮಂಡಲದ ಕುಟುಂಬಗಳನ್ನು ನೆನೆದಾಗ ಈ ಮಾತು ನನಗೆ ಇನ್ನಷ್ಟು ನಾಟುತ್ತದೆ. ನಡುವರ್ಷದಲ್ಲಿ ಓದು ಕಡಿದುಹೋಗುವ ಆ ಮಗುವಿಗೆ ಎರಡನೆಯ ಭಾಷೆ ಭಾರವಲ್ಲ, ಮೊದಲನೆಯದರ ಓದು ಬೇರೂರುವ ಮೊದಲೇ ಕಿತ್ತುಹೋಗುವುದು ಭಾರ.

ನಮ್ಮ ಸೀಮೆಯ ಈ ಸ್ಥಿತಿ ಹುಟ್ಟಿದ ದಿನ ನಮಗೆಲ್ಲ ಗೊತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ ಹೋಯಿತು; ಅದೇ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಆದೋನಿಯೊಡನೆ ಕೋಸಗಿ ಕರ್ನೂಲು ಜಿಲ್ಲೆಗೆ ಸೇರಿತು. ಕುತೂಹಲದ ಸಂಗತಿಯೆಂದರೆ, ಮಗುವಿನ ಮೊದಲ ಶಿಕ್ಷಣ ಅದರ ತಾಯ್ನುಡಿಯಲ್ಲೇ ಆಗಬೇಕೆಂಬ ಯುನೆಸ್ಕೋ ಸಂಸ್ಥೆಯ ಪ್ರಸಿದ್ಧ ವರದಿ ಹೊರಬಂದದ್ದೂ ಅದೇ 1953ರಲ್ಲಿ. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದಾಯಿತು. ಕನ್ನಡದಲ್ಲಿ ಪಾಠ ಹೇಳುತ್ತ ತೆಲುಗನ್ನೂ ಕಲಿಸುವ ನಮ್ಮಂಥ ಶಾಲೆ, ಮನಶ್ಶಾಸ್ತ್ರದ ಕಣ್ಣಿನಿಂದ ನೋಡಿದರೆ, ಕೂಡುವ ದ್ವಿಭಾಷಿಕತೆಯ ಶಾಲೆ.

ತರಗತಿಯೊಳಗಿನ ಎರಡು ಸಂಗತಿಗಳನ್ನು ಅಧ್ಯಾಪಕ ಮಿತ್ರರಿಗಾಗಿ ಹೇಳಬೇಕು. ಮೊದಲನೆಯದು ಲಿಪಿ. ಇಂಗ್ಲಿಷ್ ಮಗು 26 ಅಕ್ಷರ ಕಲಿತರೆ ಮುಗಿಯಿತು. ನಮ್ಮ ಮಗು ಕಾಗುಣಿತ, ಒತ್ತಕ್ಷರಗಳೆಂದು ನೂರಾರು ರೂಪಗಳನ್ನು ಹಿಡಿಯಬೇಕು. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿದೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ದಡ್ಡನೆನ್ನುವವರು ಇದನ್ನು ಗಮನಿಸಬೇಕು. ಒಂದು ಸಮಾಧಾನವೂ ಉಂಟು. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಕಾಗುಣಿತದ ತತ್ತ್ವ ಒಂದರಲ್ಲಿ ತಿಳಿದರೆ ಇನ್ನೊಂದರಲ್ಲಿ ಕಲಿಯಬೇಕಾದದ್ದು ತಲೆಕಟ್ಟಿನ ಭೇದ, ಕೆಲವು ಅಕ್ಷರಗಳ ತಿರುವು, ಕನ್ನಡದಲ್ಲಿ ಉಳಿದು ಇಂದಿನ ತೆಲುಗಿನಲ್ಲಿ ಬಳಕೆ ತಪ್ಪಿದ ಅರ್ಕಾವೊತ್ತು, ಇಷ್ಟೇ.

ಎರಡನೆಯದು ಮಗ್ಗಿ. ನಮ್ಮ ಹಳೆಯ ವಿದ್ಯಾರ್ಥಿಗಳು ಹೈದರಾಬಾದಿನಲ್ಲಿ ಇಂಗ್ಲಿಷಿನಲ್ಲಿಯೂ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ತೆಲುಗಿನಲ್ಲಿಯೂ ವ್ಯವಹರಿಸುತ್ತಾರೆ. ಆದರೆ ಗುಣಿಸುವಾಗ ತುಟಿಯೊಳಗೆ 'ಏಳೆಂಟ್ಲೆ ಐವತ್ತಾರು' ಎನ್ನುತ್ತಾರೆ. ಇದಕ್ಕೆ ಕಾರಣವಿದೆ. ಎಲಿಜಬೆತ್ ಸ್ಪೆಲ್ಕಿ ಮತ್ತು ಸಾನ್ನಾ ಟ್ಸಿವ್ಕಿನ್ 2001ರಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ಬಲ್ಲವರಿಗೆ ಹೊಸ ಲೆಕ್ಕಗಳನ್ನು ಒಂದು ಭಾಷೆಯಲ್ಲಿ ಕಲಿಸಿ ಎರಡರಲ್ಲಿಯೂ ಕೇಳಿದರು. ಅಂದಾಜಿನ ಲೆಕ್ಕಗಳಿಗೆ ಭಾಷೆ ಅಡ್ಡಿಯಾಗಲಿಲ್ಲ. ಕರಾರುವಾಕ್ಕಾದ ಲೆಕ್ಕ ಮಾತ್ರ ಕಲಿತ ಭಾಷೆಯಲ್ಲಿ ಬೇಗ ಬಂತು, ಇನ್ನೊಂದರಲ್ಲಿ ತಡವಾಯಿತು. ನಡುವೆ ಮಾಧ್ಯಮ ಬದಲಿಸುವ ತಂದೆತಾಯಿ ಮಗುವಿನ ಲೆಕ್ಕ ಕೆಲಕಾಲ ಕುಂಟಿದರೆ ಗಾಬರಿಯಾಗಬೇಕಿಲ್ಲ.

ಬುದ್ಧಿಯ ಮಾತಾಯಿತು. ಭಾವದ ವಿಷಯಕ್ಕೆ ಬಂದರೆ ಭಾಷೆಯ ಬೇರು ಇನ್ನೂ ಆಳ. 2003ರಲ್ಲಿ ಕ್ಯಾಥರಿನ್ ಹ್ಯಾರಿಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನೆಲೆಸಿದ ಟರ್ಕಿ ದೇಶದವರ ಬೆರಳಿಗೆ ಉಪಕರಣ ಕಟ್ಟಿ, ತೊಗಲಿನ ಸೂಕ್ಷ್ಮವಾದ ಬೆವರಿನಿಂದ ಅವರ ಭಾವೋದ್ರೇಕವನ್ನು ಅಳೆದರು. 'ನಾಚಿಕೆಯಾಗಬೇಕು ನಿನಗೆ!' ಎಂಬಂಥ ಬಾಲ್ಯದ ಗದರಿಕೆಗಳನ್ನು ಇಂಗ್ಲಿಷಿನಲ್ಲಿ ಕೇಳಿಸಿದಾಗಿನದಕ್ಕಿಂತ ಟರ್ಕಿಷ್ ಭಾಷೆಯಲ್ಲಿ ಕೇಳಿಸಿದಾಗ ಮೈ ಹೆಚ್ಚು ಸ್ಪಂದಿಸಿತು. ಊರು ಬಿಟ್ಟು ಮೂವತ್ತು ವರ್ಷವಾದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವ್ವನ ಬೈಗುಳದ ಒಂದು ಮಾತಿಗೆ ಇಂದಿಗೂ ಬೆನ್ನು ನೆಟ್ಟಗಾಗುತ್ತದೆ. ಮೇಲಧಿಕಾರಿಯ ಇಂಗ್ಲಿಷ್ ಪತ್ರಕ್ಕೆ ಹಾಗಾಗದು. ಇದಕ್ಕೆ ಇನ್ನೊಂದು ಮುಖವೂ ಇದೆ. ಶಿಕಾಗೋದ ಬೋವಾಜ್ ಕೀಸರ್ ಮತ್ತು ಸಂಗಡಿಗರು 2012ರಲ್ಲಿ, ಲಾಭ ನಷ್ಟದ ಆಯ್ಕೆಗಳನ್ನು ಪರಭಾಷೆಯಲ್ಲಿ ಮುಂದಿಟ್ಟಾಗ ಜನ ಪದಗಳ ಸೆಳೆತಕ್ಕೆ ಅಷ್ಟಾಗಿ ಸಿಲುಕುವುದಿಲ್ಲವೆಂದು ಕಂಡರು. ತಾಯ್ನುಡಿ ಮನಸ್ಸನ್ನು ಕಲಕುತ್ತದೆ, ಕಲಿತ ನುಡಿ ಸ್ವಲ್ಪ ದೂರ ನಿಲ್ಲಿಸುತ್ತದೆ. ಎರಡಕ್ಕೂ ಬದುಕಿನಲ್ಲಿ ಉಪಯೋಗವಿದೆ.

ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದ್ದು ಮಾತ್ರ ಲ್ಯಾಂಬರ್ಟರು 1960ರಲ್ಲಿ ಪ್ರಕಟಿಸಿದ ಪ್ರಯೋಗ. ಇಂಗ್ಲಿಷ್ ಫ್ರೆಂಚ್ ಎರಡನ್ನೂ ಸೊಗಸಾಗಿ ಆಡಬಲ್ಲ ಕೆಲವರಿಂದ ಒಂದೇ ಬರಹವನ್ನು ಎರಡು ಭಾಷೆಗಳಲ್ಲಿಯೂ ಓದಿಸಿ ಮುದ್ರಿಸಿಕೊಂಡು, ಬೇರೆ ಬೇರೆ ಜನರ ದನಿಗಳೆಂಬಂತೆ ವಿದ್ಯಾರ್ಥಿಗಳಿಗೆ ಕೇಳಿಸಿದರು. 'ಈ ದನಿಯವನು ಬುದ್ಧಿವಂತನೇ, ನಂಬಿಗಸ್ತನೇ, ಎತ್ತರದವನೇ?' ಎಂದು ಅಂಕ ಹಾಕಿಸಿದರು. ಮನುಷ್ಯ ಒಬ್ಬನೇ ಆಗಿದ್ದರೂ ಇಂಗ್ಲಿಷ್ ದನಿಗೆ ಹೆಚ್ಚು ಅಂಕ ಬಿದ್ದವು. ಇಂಗ್ಲಿಷ್ ವಿದ್ಯಾರ್ಥಿಗಳು ಹಾಗೆ ಮಾಡಿದ್ದು ಆಶ್ಚರ್ಯವಲ್ಲ. ಫ್ರೆಂಚ್ ವಿದ್ಯಾರ್ಥಿಗಳೇ ತಮ್ಮ ಭಾಷೆಯ ದನಿಯನ್ನು ಹಲವು ಗುಣಗಳಲ್ಲಿ ಅವರಿಗಿಂತಲೂ ಕೆಳಗಿಳಿಸಿದ್ದರು. ಅಧಿಕಾರವಿಲ್ಲದ ಭಾಷೆಯವರು ತಮ್ಮನ್ನು ತಾವೇ ಕೀಳಾಗಿ ಕಾಣತೊಡಗುವ ಬಗೆ ಇದು. ಗಡಿಯವರಿಗೆ ಈ ಕಷ್ಟ ಇಮ್ಮಡಿ. ಆದೋನಿಯ ಕಚೇರಿಯಲ್ಲಿ ನಮ್ಮ ತೆಲುಗು ಕನ್ನಡದ ತೆಲುಗು. ಮೈಸೂರಿನಲ್ಲಿ ನಮ್ಮ ಕನ್ನಡ ತೆಲುಗಿನ ಕನ್ನಡ. ನಾನು ಓದಲು ಹೋದಾಗ ವಿದ್ಯಾರ್ಥಿನಿಲಯದಲ್ಲಿ ಹೊಸಬನ ಮಾತನ್ನು ಅಣಕಿಸುವುದು ಸಂಜೆಯ ವಿನೋದವಾಗಿತ್ತು. ಬಾಯಿ ಮುಚ್ಚಿದ ಮಗುವಿನಲ್ಲಿ ಎರಡು ಭಾಷೆಗಳಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಮನೆಯ ನುಡಿಯನ್ನು ಆಡಲು ನಾಚಿಕೆಯಿಲ್ಲದ ಒಂದು ಅಂಗಳವನ್ನು ಶಾಲೆ ಒದಗಿಸುವುದು, ನನ್ನ ಅಭಿಪ್ರಾಯದಲ್ಲಿ, ಪಾಠಕ್ಕಿಂತ ಕಡಿಮೆಯ ಕೆಲಸವಲ್ಲ.

ಈಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಯಾದ ಅಧ್ಯಯನ ನಮಗೆ ತೀರ ಹತ್ತಿರದ್ದು. ಹೈದರಾಬಾದಿನ ನಿಜಾಂ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ, ಅಂದರೆ ಮುಪ್ಪಿನಲ್ಲಿ ನೆನಪು ಬುದ್ಧಿಗಳನ್ನು ಕುಗ್ಗಿಸುವ ರೋಗಕ್ಕೆ ತುತ್ತಾದ 648 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 391 ಮಂದಿ ತೆಲುಗು, ದಖನಿ, ಹಿಂದಿ, ಇಂಗ್ಲಿಷ್ ಮೊದಲಾದವುಗಳಲ್ಲಿ ಎರಡನ್ನೋ ಹೆಚ್ಚನ್ನೋ ಬಲ್ಲವರು. ಒಂದೇ ಭಾಷೆಯವರಿಗಿಂತ ಅವರಲ್ಲಿ ರೋಗದ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಕೆನಡಾದ ಎಲೆನ್ ಬಿಯಾಲಿಸ್ಟಾಕ್ 2007ರಲ್ಲಿ 184 ರೋಗಿಗಳಲ್ಲಿ ಸುಮಾರು ಇಷ್ಟೇ ಅಂತರ ಕಂಡಿದ್ದರು. ಆದರೆ ಅಲ್ಲಿ ದ್ವಿಭಾಷಿಕರು ಬಹುಮಟ್ಟಿಗೆ ವಲಸೆ ಬಂದವರಾದ್ದರಿಂದ ಕಾರಣ ಭಾಷೆಯೋ ವಲಸೆಯೋ ಎಂಬ ಸಂದೇಹ ಉಳಿದಿತ್ತು. ಹೈದರಾಬಾದಿನ ದ್ವಿಭಾಷಿಕರು ಎಲ್ಲಿಂದಲೋ ಬಂದವರಲ್ಲ. ಇನ್ನೂ ಮುಖ್ಯವಾಗಿ, ಓದುಬರಹ ಬಾರದವರಲ್ಲಿಯೂ ಈ ಅಂತರವಿತ್ತು, ಅವರಲ್ಲಿ ಅದು ಆರು ವರ್ಷದಷ್ಟಿತ್ತು. ಶಾಲೆಯ ಮೆಟ್ಟಿಲು ಹತ್ತದೆ, ಕಟ್ಟೆಯ ಮೇಲೆ ಕನ್ನಡದಲ್ಲಿ ಹರಟಿ ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಶಿ ಮಾಡಿದ ನಮ್ಮ ಅಜ್ಜಿಯರು ತಿಳಿಯದೆಯೇ ಮಾಡುತ್ತ ಬಂದ ವ್ಯಾಯಾಮವಿದು. 2016ರಲ್ಲಿ ಇದೇ ತಂಡ ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯನ್ನು ಅಧ್ಯಯನ ಮಾಡಿದಾಗ, ಬುದ್ಧಿಶಕ್ತಿ ಕುಂದದೆ ಉಳಿದವರು ದ್ವಿಭಾಷಿಕರಲ್ಲಿ ನೂರಕ್ಕೆ 40ರಷ್ಟು, ಏಕಭಾಷಿಕರಲ್ಲಿ 20ರಷ್ಟು.

ಈ ಅಂಕಿಗಳನ್ನು ಕಂಡು ಉಬ್ಬಿಹೋಗುವ ಮೊದಲು ಎದುರುಪಕ್ಷದ ಮಾತನ್ನೂ ಕೇಳಬೇಕು. ಎರಡು ಭಾಷೆ ರೋಗವನ್ನೇ ತಡೆಯುತ್ತದೆಂದು ಈ ಅಧ್ಯಯನಗಳು ಹೇಳುವುದಿಲ್ಲ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಅಂಥ ರಕ್ಷೆ ಸ್ಪಷ್ಟವಾಗಿ ಕಂಡಿಲ್ಲ. ದ್ವಿಭಾಷಿಕ ಮಕ್ಕಳಿಗೆ ಗಮನವನ್ನು ಹತೋಟಿಯಲ್ಲಿಡುವ ವಿಶೇಷ ಶಕ್ತಿಯಿದೆಯೆಂಬ ಜನಪ್ರಿಯ ಮಾತೂ ಇಂದು ಅಲುಗಾಡಿದೆ. ಅಮೆರಿಕದ 4524 ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಮೇಲುಗೈ ಕಾಣಲಿಲ್ಲ. 2010ರಲ್ಲಿ ಬಿಯಾಲಿಸ್ಟಾಕ್ ತಂಡವೇ 1738 ಮಕ್ಕಳನ್ನು ನೋಡಿ, ಒಂದು ಭಾಷೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ದ್ವಿಭಾಷಿಕ ಮಗುವಿನ ಪದಸಂಪತ್ತು ತುಸು ಕಡಿಮೆಯಿರುತ್ತದೆಂದು ತೋರಿಸಿತು. ಕೊರತೆ ಹೆಚ್ಚಾಗಿ ಮನೆವಾರ್ತೆಯ ಪದಗಳಲ್ಲಿ, ಶಾಲೆಯ ಪದಗಳಲ್ಲಲ್ಲ. ಒಗ್ಗರಣೆಯ ಪದಗಳೆಲ್ಲ ಕನ್ನಡದಲ್ಲಿರುವ ಮಗುವನ್ನು ತೆಲುಗಿನಲ್ಲಿ ಕೇಳಿದರೆ ಹೀಗಾಗುವುದು ಸಹಜ. ಎರಡು ಭಾಷೆ ಬಲ್ಲವನು ಮಹಾಮೇಧಾವಿಯಾಗುತ್ತಾನೆಂದು ನಾನು ಯಾವ ತಂದೆತಾಯಿಗೂ ಮಾತು ಕೊಡಲಾರೆ. ಎರಡರಿಂದ ತಲೆ ಕೆಡುವುದಿಲ್ಲ, ಮನೆಯದನ್ನು ಕಿತ್ತುಹಾಕಿದರೆ ಇನ್ನೊಂದು ತಾನಾಗಿ ಬೆಳೆಯುವುದಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಕಂಧಮಾಲಿನಲ್ಲಿ ಮೊಹಾಂತಿಯವರಿಗೆ ದೊರೆತಂಥ ಸನ್ನಿವೇಶ ನಮ್ಮ ಸುತ್ತಲೂ ಇದೆ. ಒಂದೇ ಓಣಿಯಲ್ಲಿ, ಒಂದೇ ಕಸುಬಿನ ಮನೆಗಳಲ್ಲಿ, ಕೆಲವರ ಮಕ್ಕಳು ಎರಡನ್ನೂ ಆಡುತ್ತಾರೆ; ಕೆಲವರ ಮನೆಯಲ್ಲಿ ಅಜ್ಜ ಕನ್ನಡದಲ್ಲಿ ಕೇಳಿದರೆ ಮೊಮ್ಮಗ ತೆಲುಗಿನಲ್ಲಿ ಉತ್ತರಿಸುತ್ತಾನೆ. ಬಿ.ಎಡ್. ಮಾಡಿ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ವರು ಮನಸ್ಸು ಮಾಡಿದರೆ ಸಾಕು. ಒಂದನೆಯ ತರಗತಿಗೆ ಸೇರುವಾಗ ಪ್ರತಿ ಮಗುವಿನ ಮನೆಯಲ್ಲಿ ಯಾರು ಯಾರೊಡನೆ ಯಾವ ಭಾಷೆ ಆಡುತ್ತಾರೆಂದು ಒಂದು ವಹಿಯಲ್ಲಿ ಬರೆದಿಡಬೇಕು. ಗುಳೆ ಹೋದ ತಿಂಗಳುಗಳನ್ನು ಅದರ ಪಕ್ಕದಲ್ಲಿ ಗುರುತಿಸಬೇಕು. ಮೂರನೆಯ ಮತ್ತು ಐದನೆಯ ತರಗತಿಗಳಲ್ಲಿ ಓದು, ಲೆಕ್ಕ, ಮೇಲೆ ಹೇಳಿದ ಸೂರ್ಯಚಂದ್ರರ ಪ್ರಶ್ನೆ, ಇಷ್ಟನ್ನು ಪ್ರತಿ ಮಗುವಿಗೂ ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ, ನಡುವೆ ಒಂದು ವಾರ ಬಿಟ್ಟು, ಕೇಳಬೇಕು. ಅರ್ಧ ಮಕ್ಕಳಿಗೆ ಮೊದಲು ಕನ್ನಡದಲ್ಲಿ, ಉಳಿದವರಿಗೆ ಮೊದಲು ತೆಲುಗಿನಲ್ಲಿ. ಕೇಳುವವರು ಮಗುವಿಗೆ ಪರಿಚಿತರಾಗಿರಬೇಕು, ಎರಡು ಭಾಷೆಯನ್ನೂ ಊರಿನ ರೀತಿಯಲ್ಲಿ ಆಡಬಲ್ಲವರಾಗಿರಬೇಕು. ಪ್ರಶ್ನೆಗಳ ಕರಡನ್ನು ಕನ್ನಡದಲ್ಲಿ ನಾನು ಸಿದ್ಧಮಾಡಿದ್ದೇನೆ. ತೆಲುಗಿನ ಕರಡನ್ನು ನಮ್ಮ ಊರಿನ ತೆಲುಗು ಪಂಡಿತರೊಬ್ಬರು ನೋಡಿಕೊಡಲು ಒಪ್ಪಿದ್ದಾರೆ.